ಎತ್ತಪ್ಪ + ೧

ಮೀಟಿಂಗ್ ಕೋಣೆಯ ನೆಲ ಅರ್ಧ ಒರೆಸಿದ್ದೆ. ಬಕೆಟ್ಟಿನ ನೀರು ಎರಡನೇ ಸಲ ಕಪ್ಪಾಗಿತ್ತು. ಹನ್ನೊಂದಕ್ಕೆ ದುರ್ಗದ ಜಿಲ್ಲಾ ಆಫೀಸಿನಿಂದ ಸಾಹೇಬರು ಬರುತ್ತಾರೆ, ಅಷ್ಟರೊಳಗೆ ನೆಲ ಹೊಳೆಯಬೇಕು ಎಂದು ಕಂಟ್ರಾಕ್ಟರ್ ಪಾಲಣ್ಣ ಹೇಳಿ ಹೋಗಿದ್ದ. ಮೇಜಿನ ಕೆಳಗೆ ಮಂಡಿಯೂರಿ ಬಟ್ಟೆ ಎಳೆಯುತ್ತಿದ್ದೆ. ಒಂದು ಬಣ್ಣದ ಕಾಗದ ಒದ್ದೆ ನೆಲಕ್ಕೆ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದು ತೆಗೆದೆ.

ಬಿಸಾಡುವ ಮುಂಚೆ ಓದುವುದು ನನ್ನ ಚಟ. ಮೂವತ್ತೈದು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು ನಾನು. ಕಡ್ಲೆಕಾಯಿ ಕಟ್ಟಿಕೊಟ್ಟ ಪೇಪರನ್ನೂ ಬಿಡುವುದಿಲ್ಲ.

'ರಾಷ್ಟ್ರೀಯ ದೂರವಾಣಿ ನಿಗಮ: ಪರಿಚಯ ಮತ್ತು ಆರ್ಥಿಕ ಸ್ಥಿತಿ' ಎಂದಿತ್ತು. ಒಳಗೆ ಸಣ್ಣ ಸಣ್ಣ ಚೌಕ. ಒಂದು ಚೌಕದಲ್ಲಿ ಆಸ್ತಿ. ಕಟ್ಟಡ, ಜಮೀನು, ಟವರು, ನೆಲದೊಳಗೆ ಹೂತ ಕೇಬಲ್ಲು ಇಷ್ಟು ಲಕ್ಷ ಕಿಲೋಮೀಟರು. ಇನ್ನೊಂದರಲ್ಲಿ ಗ್ರಾಹಕರು. ಮತ್ತೊಂದರಲ್ಲಿ ನೌಕರರು. ಒಬ್ಬರೂ ತಪ್ಪದ ಹಾಗೆ ಬಿಡಿ ಸ್ಥಾನದವರೆಗೂ ಬರೆದಿದ್ದರು, ಕೊನೆಯಲ್ಲಿ ಏಳು. ನಡುವೆ ದಪ್ಪ ಅಕ್ಷರ: ಹದಿನಾಲ್ಕು ವರ್ಷಗಳ ನಷ್ಟದ ನಂತರ ನಿಗಮ ಈ ವರ್ಷ ಲಾಭ ಗಳಿಸಿದೆ.

ಲಾಭ ಎನ್ನುವ ಪದವನ್ನು ಎರಡು ಸಲ ಓದಿದೆ. ಮೇಜಿನ ಕೆಳಗೇ ಕೂತು ಓದಿದೆ. ಸೀರೆ ನೆನೆದದ್ದು ತಿಳಿಯಲಿಲ್ಲ. ಹದಿನಾಲ್ಕು ವರ್ಷದಿಂದ ನಾನು ಈ ಒಂದು ಪದಕ್ಕೆ ಕಾಯುತ್ತಿದ್ದೆ.

ನನ್ನ ಹೆಸರು ಹುಚ್ಚಕ್ಕ. ಹೊಸದುರ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷದಿಂದ ಕಸ ಗುಡಿಸುತ್ತೇನೆ. ಅದಕ್ಕೂ ಮುಂಚೆ ಎಂಟು ವರ್ಷ ಇವರಿಗೇ ಕೇಬಲ್ ಗುಂಡಿಯ ಮಣ್ಣು ಹೊತ್ತೆ. ಆಗ ಇಲಾಖೆ ಅನ್ನುತ್ತಿದ್ದರು, ಆಮೇಲೆ ನಿಗಮ ಎಂದರು. ಬೋರ್ಡು ಬದಲಾಯಿತು. ಬೋರ್ಡು ಒರೆಸುವವಳು ಬದಲಾಗಲಿಲ್ಲ.

ಅಕೌಂಟ್ಸ್ ನೋಡುವ ಬಿಂದು ಮೇಡಂ ಒಳಗೆ ಬಂದರು. ಈ ಆಫೀಸಿನಲ್ಲಿ ನನ್ನನ್ನು 'ನೀವು' ಎನ್ನುವವರು ಅವರೊಬ್ಬರೇ.

"ಏನ್ ಹುಚ್ಚಕ್ಕ, ಮೇಜಿನ ಕೆಳಗೆ ಕೂತು ಪರೀಕ್ಷೆಗೆ ಓದ್ತಿದೀರಾ?"

"ಮೇಡಮ್ಮಾರೆ, ಇದರಾಗೆ ನಾನು ಎಲ್ಲಿದೀನಿ ಹೇಳ್ರಿ."

ಅವರು ಕಾಗದ ಇಸಿದುಕೊಂಡರು. ಮೊದಲು ನಕ್ಕರು. ನಾನು ನಗದಿದ್ದದ್ದು ನೋಡಿ ಕಾಗದದ ಕಡೆ ಬಗ್ಗಿದರು.

"ನೌಕರರು ಅಂತ ಐತಲ್ಲ, ಕೊನೇಗೆ ಏಳು. ಆ ಏಳರಾಗೆ ಇದೀನಾ?"

"ಇಲ್ಲ ಹುಚ್ಚಕ್ಕ. ಅದು ಕಾಯಂ ಆದೋರು." ಅವರ ಬೆರಳು ಕೆಳಗೆ ಇಳಿಯಿತು. ಇನ್ನೂ ಕೆಳಗೆ ಇಳಿಯಿತು. ಖರ್ಚಿನ ಚೌಕದ ಕಡೆಯ ಸಾಲಿನಲ್ಲಿ ನಿಂತಿತು. 'ಇತರೆ ಆಡಳಿತ ವೆಚ್ಚ' ಎಂದಿತ್ತು. "ನೀವು ಇದರಲ್ಲಿ ಬರ್ತೀರ."

"ಇದರಾಗೆ ಇನ್ನೂ ಯಾರ್‍ಯಾರು ಅವ್ರೆ?"

ಬಿಂದು ಮೇಡಂಗೆ ಸುಳ್ಳು ಹೇಳಲು ಬರುವುದಿಲ್ಲ. "ಫಿನಾಯಿಲು, ಪೊರಕೆ, ಜನರೇಟರ್ ಡೀಸೆಲ್ಲು, ನೀರಿನ ಟ್ಯಾಂಕರು."

"ಒಳ್ಳೆ ನೆಂಟರೇ ಬಿಡ್ರಿ," ಎಂದೆ. "ಮತ್ತೆ ಲಾಭ ಹೆಂಗೆ ಬಂತು?"

"ಖರ್ಚು ಕಡಿಮೆ ಮಾಡಿದ್ರು."

"ಯಾವ ಖರ್ಚು?"

ಅವರು ಕಿಟಕಿ ಕಡೆ ನೋಡಿದರು. ಹೋದ ವರ್ಷದವರೆಗೆ ಇಲ್ಲಿ ಗುಡಿಸುವವರು ಮೂವರಿದ್ದೆವು. ಈಗ ನಾನೊಬ್ಬಳು. ಕಟ್ಟಡ ಮಾತ್ರ ಅಷ್ಟೇ ಇದೆ.

ಹಿಂದಿನದು ಹೇಳುತ್ತೇನೆ.

ನಾವು ಕುರಿ ಕಾಯುವ ಜನ. ಕುರಿಗಳಿಗೆ ರೋಗ ಬಂದು ಹಟ್ಟಿ ಖಾಲಿಯಾದ ವರ್ಷ ನಾನು, ನನ್ನ ಗಂಡ ಎತ್ತಪ್ಪ ಗುಂಡಿ ಕೆಲಸಕ್ಕೆ ಬಂದೆವು. ಆಗ ಗುಂಡಿಗೆ ಜೋಡಿ ಲೆಕ್ಕ. ಗಂಡ ಪಿಕಾಸಿ ಹೊಡೆಯಬೇಕು, ಹೆಂಡತಿ ಮಣ್ಣು ಹೊರಬೇಕು. ಇಬ್ಬರೂ ಸೇರಿ ಪುಸ್ತಕದಲ್ಲಿ ಒಂದು ಸಾಲು. ಒಂಟಿ ಗಂಡಸನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು. ಒಂಟಿ ಹೆಂಗಸನ್ನು ತೆಗೆದುಕೊಳ್ಳುತ್ತಿರಲಿಲ್ಲ.

ಹೊಸದುರ್ಗದಿಂದ ಮತ್ತೋಡಿಗೆ ಕೇಬಲ್ ಎಳೆದವರು ನಾವು. ಆ ದಾರಿಯ ನೆಲವೆಲ್ಲ ಗರಸು, ಬಂಡೆ. ಮಣ್ಣು ತುಂಬಿದ ಬಾಂಡ್ಲಿ ಹೊತ್ತು ಹೊತ್ತು ನನ್ನ ನೆತ್ತಿಯ ಕೂದಲು ಉದುರಿತು. ಇವತ್ತಿಗೂ ಅಲ್ಲಿ ಅಂಗೈಯಗಲ ಬೋಳು. ಮಗಳು ಗಂಗಾ ಆರು ತಿಂಗಳ ಕೂಸು. ಜಾಲಿ ಮರಕ್ಕೆ ಸೀರೆ ಕಟ್ಟಿ ಮಲಗಿಸುತ್ತಿದ್ದೆ. ಅವಳು ಅತ್ತರೆ ಎದೆ ಸೋರಿ ರವಿಕೆ ನೆನೆಯುತ್ತಿತ್ತು. "ಲೇ, ಇನ್ನ ಇಪ್ಪತ್ತು ಬಾಂಡ್ಲಿ ಆಗ್ಲಿ, ಆಮೇಲೆ ಮೊಲೆ ಕೊಡು," ಎನ್ನುತ್ತಿದ್ದ ಮೇಸ್ತ್ರಿ ದುರುಗಣ್ಣ. ಗಂಡಸರು ನಗುತ್ತಿದ್ದರು. ಒಂದು ಸಲ ಎತ್ತಪ್ಪನೂ ನಕ್ಕ. ಅದನ್ನು ನಾನು ಮರೆತಿಲ್ಲ.

ಒಂದು ಉರುಳೆ ಕೇಬಲ್ ಮುಗಿದ ಕಡೆ ಇನ್ನೊಂದನ್ನು ಸೇರಿಸಬೇಕು. ಅಲ್ಲಿ ಆಳುದ್ದದ ಗುಂಡಿ. ಅದಕ್ಕೆ ಜಾಯಿಂಟು ಎನ್ನುತ್ತಿದ್ದರು. ಜಬೀವುಲ್ಲಾ ಸಾಬರು ಅದರೊಳಗೆ ಕೂತು ತಂತಿಗೆ ತಂತಿ ಹೆಣೆದು, ಸೀಸ ಕರಗಿಸಿ ಹುಯ್ದು ಮುಚ್ಚುತ್ತಿದ್ದರು. ದುರ್ಗದಲ್ಲಿ ಅವರ ಅಪ್ಪ, ತಾತ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ಆ ಕೈ ಇವರಿಗೂ ಬಂದಿತ್ತು.

ಇಲಾಖೆಯವರು ಜಾಯಿಂಟಿನ ಮೇಲೆ ಗುರುತಿನ ಕಲ್ಲು ನೆಡುತ್ತಿದ್ದರು. ಎರಡು ತಿಂಗಳಲ್ಲಿ ಅದು ಯಾರದೋ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಾಗುತ್ತಿತ್ತು. ರಿಪೇರಿ ಬಂದರೆ ಮತ್ತೆ ನಾವೇ ಅಂದಾಜಿನ ಮೇಲೆ ಹತ್ತು ಕಡೆ ಅಗೆಯಬೇಕು. ನಮ್ಮ ಹಟ್ಟಿಯವರದ್ದು ಒಂದು ರೂಢಿ ಇತ್ತು. ಕುರಿ ಹೊಡೆದುಕೊಂಡು ಹೋಗುವಾಗ, ಅಗೆದರೆ ನೀರು ಸಿಗುವ ಕಡೆ ಮೂರು ಬೆಣಚುಕಲ್ಲುಗಳನ್ನು ಗೇಣು ಆಳಕ್ಕೆ ಹೂತು ಹೋಗುತ್ತಿದ್ದರು. ಮೇಲಿಟ್ಟರೆ ಯಾರಾದರೂ ಒದ್ದು ಹೋಗುತ್ತಾರೆ. ಯಾವ ಹುಣಸೆಮರ, ಯಾವ ಮೋರಿ, ಎಷ್ಟು ಹೆಜ್ಜೆ ಎನ್ನುವುದನ್ನು ಹಿಂದೆ ಬರುವವರಿಗೆ ಬಾಯಲ್ಲೇ ಹೇಳುತ್ತಿದ್ದರು. ನಾನು ಜಾಯಿಂಟುಗಳಿಗೂ ಹಾಗೇ ಮಾಡಿದೆ. ಯಾರೂ ಹೇಳಿರಲಿಲ್ಲ. ಮತ್ತೋಡಿನವರೆಗೆ ನಲವತ್ತೊಂದು ಜಾಯಿಂಟು. ನಲವತ್ತೊಂದಕ್ಕೂ ಕಲ್ಲು ಹೂತವಳು ನಾನು.

ನಲವತ್ತೊಂದನೆಯದು ಕೆರೆ ಏರಿಯ ಪಕ್ಕ. ಹಿಂದಿನ ದಿನ ಮಳೆ ಬಂದು ಗುಂಡಿಯ ಅಂಚು ನೆನೆದಿತ್ತು. ಇವತ್ತು ಬ್ಯಾಡ ಎಂದ ಎತ್ತಪ್ಪ. "ಉದ್ಘಾಟನೆಗೆ ದೊಡ್ಡೋರು ಬರ್ತಾರೆ, ಇಳಿಯಲೇ," ಎಂದ ದುರುಗಣ್ಣ. ಇಳಿದ. ನಾನು ಬಾಂಡ್ಲಿ ಹೊತ್ತು ಹತ್ತು ಹೆಜ್ಜೆ ಹೋಗಿದ್ದೆ. ಹಿಂದೆ ಸದ್ದಾಯಿತು. ದೊಡ್ಡ ಸದ್ದೇನಲ್ಲ, ಜೋಳದ ಚೀಲ ಕೆಳಗಿಟ್ಟ ಹಾಗೆ. ತೋಡಿ ತೆಗೆದವಳೂ ನಾನೇ. ಅವನ ಬಾಯಿ ತುಂಬ ಮಣ್ಣಿತ್ತು.

ಮೂರನೇ ದಿನ ಅದೇ ಗುಂಡಿಯಲ್ಲಿ ಜಾಯಿಂಟು ಆಯಿತು. ಮತ್ತೋಡಿನಲ್ಲಿ ಫೋನು ಬಡಿಯಿತು. ಜನ ಚಪ್ಪಾಳೆ ತಟ್ಟಿದರಂತೆ.

ಹನ್ನೆರಡನೇ ದಿನ ಕೆಲಸಕ್ಕೆ ಹೋದೆ. ದುರುಗಣ್ಣ ಪುಸ್ತಕ ತೆಗೆದು ಒಂದು ಸಾಲಿಗೆ ಕೆಂಪು ಗೆರೆ ಎಳೆದ. "ಎತ್ತಪ್ಪನೇ ಇಲ್ಲ, ನಿನ್ನ ಎಲ್ಲಿ ಬರಕಳ್ಳಲಿ?" ಎಂದ. ಕಂಟ್ರಾಕ್ಟರ ಕೈ ಕೆಳಗೆ ಎಕ್ಸ್‌ಚೇಂಜ್ ಗುಡಿಸಲು ಸೇರಿಸಿದ. ದೊಡ್ಡ ಉಪಕಾರ. ಕೆಲವು ವರ್ಷಕ್ಕೆ, ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಗುಂಡಿ ಕೂಲಿಗಳನ್ನೆಲ್ಲ ಕಾಯಂ ಮಾಡಿದರು. ಅದರಲ್ಲಿ ಒಬ್ಬಳೂ ಹೆಂಗಸಿರಲಿಲ್ಲ. ಯಾಕೆ ಎಂದು ಆಗ ನನಗೆ ತಿಳಿಯಲಿಲ್ಲ.

ಹದಿನಾಲ್ಕು ವರ್ಷದ ಹಿಂದೆ ತಿಳಿಯಿತು. ಹಳೆ ಪುಸ್ತಕಗಳನ್ನು ಹಿತ್ತಲಲ್ಲಿ ಸುಡು ಎಂದು ನನಗೇ ಹೇಳಿದರು. ಸುಡುವ ಮುಂಚೆ ಓದಿದೆ. ದುರುಗಣ್ಣನ ಕೈಬರಹ. ಸಾಲುಸಾಲಾಗಿ ಗಂಡಸರ ಹೆಸರು, ಜೋಡಿ ಇದ್ದವರ ಹೆಸರಿನ ಪಕ್ಕ ಒಂದು ಗುರುತು. ಹುಡುಕಿದೆ. ಸಿಕ್ಕಿತು. ಎತ್ತಪ್ಪ + ೧. ಮೇಲೆ ಕೆಂಪು ಗೆರೆ.

ಎಂಟು ವರ್ಷ ನಾನು ಆ ಒಂದು. ಗಂಡ ಸತ್ತಾಗ ಅವನ ಗೆರೆಯಲ್ಲಿ ನನ್ನನ್ನೂ ಹೊಡೆದು ಹಾಕಿದ್ದರು.

ಹಾಳೆ ಹರಿದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕದ್ದೆ. ಹೌದು. ಉಳಿದದ್ದಕ್ಕೆ ಬೆಂಕಿ ಹಚ್ಚಿದೆ. ಅದರಲ್ಲಿ ಎಷ್ಟು ಹೆಂಗಸರಿದ್ದರೋ. ನನ್ನದೊಂದನ್ನು ಉಳಿಸಿಕೊಂಡು ಅವರನ್ನೆಲ್ಲ ನನ್ನ ಕೈಯಾರೆ ಸುಟ್ಟೆ. ಅದು ಈಗಲೂ ಚುಚ್ಚುತ್ತದೆ.

ನನ್ನ ಎಂಟು ವರ್ಷವನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದು ಆ ವಾರವೇ ದೆಹಲಿಯ ಹೆಡ್ಡಾಫೀಸಿಗೆ ಪತ್ರ ಬರೆದೆ. ರಾತ್ರಿ ಶಾಲೆಯ ಜುಂಜಣ್ಣ ಮೇಷ್ಟ್ರು ತಪ್ಪು ತಿದ್ದಲು ಕೆಂಪು ಪೆನ್ನು ತೆಗೆದರು. ಓದಿ ಮುಗಿಸಿ ಪೆನ್ನಿನ ಮುಚ್ಚಳ ಹಾಕಿದರು. "ನಿಮ್ಮ ಜೊತೆ ಕೆಲಸ ಮಾಡಿದೋರ ಸಾಕ್ಷಿ ಸಹಿ ಒಂದು ಹಾಕ್ಸಿ ಕಳಿಸ್ರಿ," ಎಂದರು.

ಜಬೀವುಲ್ಲಾ ಸಾಬರ ಹತ್ತಿರ ಹೋದೆ. ಅವರು ಕಾಯಂ ಆಗಿದ್ದರು. ಪತ್ರ ಓದಿ ನೆಲ ನೋಡಿದರು. "ಅಕ್ಕ, ಈಗ ಬ್ಯಾಡ. ನಿಗಮ ನಷ್ಟದಾಗೈತೆ, ಜನ ತೆಗೀತಾರಂತೆ. ಲಾಭಕ್ಕೆ ಬರ್ಲಿ, ಹಾಕ್ತೀನಿ," ಎಂದರು. ಪತ್ರ ಕಳಿಸದೆ ಎತ್ತಿಟ್ಟು ಸಾಹೇಬರಿಗೆ ಹೇಳಿಕೊಂಡೆ. "ನಷ್ಟದಲ್ಲಿದೆ, ಲಾಭ ಬರಲಿ ನೋಡೋಣ," ಎಂದರು. ಆರು ಸಾಹೇಬರು ಬದಲಾದರು. ಆರು ಜನವೂ ಅದೇ ಮಾತು. ಹುಚ್ಚಕ್ಕನಿಗೆ ಬಲು ತಾಳ್ಮೆ ಎಂದು ಹೊಗಳಿದರು. ತಾಳ್ಮೆ ಎಲ್ಲಿಂದ ಬಂತು. ಹೆದರಿಕೆ ಅದು. ಕೈಯಲ್ಲಿದ್ದ ಪೊರಕೆಯೂ ಹೋದೀತು ಎನ್ನುವ ಹೆದರಿಕೆ.

ಹನ್ನೊಂದು ಗಂಟೆಗೆ ಸಾಹೇಬರು ಬಂದರು. ನಾನು ಒರೆಸಿದ ನೆಲದ ಮೇಲೆ ಬೂಟಿನ ಹೆಜ್ಜೆ ಮೂಡಿತು. ಲಾಭ ಬಂದ ಖುಷಿಗೆ ಸಿಹಿ ಡಬ್ಬಿ ಹಂಚಿದರು. ಕಾಯಂನವರ ತಲೆ ಎಣಿಸಿ ತಂದಿದ್ದರು. ಮುಗಿದ ಮೇಲೆ ಪಾಲಣ್ಣ ಅರ್ಧ ಕಚ್ಚಿದ ಲಾಡುವಿದ್ದ ಡಬ್ಬಿಯೊಂದನ್ನು ನನ್ನ ಬಕೆಟ್ಟಿನ ಪಕ್ಕ ಇಟ್ಟು, "ತಗ, ಬಾಯಿ ಸೀ ಮಾಡ್ಕ," ಎಂದ.

ಆಮೇಲೆ ಸಾಹೇಬರು ನನ್ನನ್ನು ಕರೆದರು. ಅವರ ಪಕ್ಕ ಗುಜರಿ ಗುತ್ತಿಗೆಯವನೊಬ್ಬ ಕೂತಿದ್ದ.

"ಬಾಮ್ಮ ಹುಚ್ಚಕ್ಕ. ನೀನು ನಮ್ಮ ಮನೆಯವಳಿದ್ದ ಹಾಗೆ," ಎಂದರು. ಕೂತುಕೋ ಎನ್ನಲಿಲ್ಲ.

ವಿಷಯ ಇಷ್ಟು. ಮತ್ತೋಡಿನ ಕೇಬಲ್ಲು ಈಗ ಬೇಡ. ಒಳಗಿನ ತಾಮ್ರ ಬೇಕು. ರಸ್ತೆ ಪೂರ್ತಿ ಅಗೆಯಲು ಪರ್ಮಿಷನ್ ಇಲ್ಲ. ಜಾಯಿಂಟ್ ಗುಂಡಿಗಳನ್ನಷ್ಟೇ ಬಿಚ್ಚಿ, ಅಲ್ಲಿ ಕತ್ತರಿಸಿ, ಜೆಸಿಬಿಗೆ ಕಟ್ಟಿ ಎಳೆಯಬೇಕು. ನಕ್ಷೆ ಗೆದ್ದಲು ತಿಂದಿದೆ. ಜಬೀವುಲ್ಲಾ ಸಾಬರನ್ನು ಕೇಳಿದ್ದಾರೆ. "ನನಗೆ ಕಣ್ಣು ಮಂಜು, ಕಲ್ಲು ಹೂತವಳು ಹುಚ್ಚಕ್ಕ, ಅವಳನ್ನ ಕೇಳ್ರಿ," ಎಂದಿದ್ದಾರೆ ಅವರು.

"ನಾಳೆ ಇವರ ಜೊತೆ ಜೀಪಲ್ಲಿ ಹೋಗಿ ಒಂದೊಂದೇ ಜಾಗ ತೋರಿಸಿಬಿಡು. ನಲವತ್ತೊಂದಂತಲ್ಲ?"

ನಲವತ್ತೊಂದು. ಕೆರೆ ಏರಿಯ ಪಕ್ಕದ್ದೂ ಸೇರಿ.

"ತೋರಿಸ್ತೀನಿ ಸಾಹೇಬ್ರೆ," ಎಂದೆ. "ಒಂದು ಕಾಗ್ದ ಕೊಡ್ರಿ. ಈ ಕೇಬಲ್ಲು ಹೂತೋಳು ಹುಚ್ಚಕ್ಕ, ಅದಕ್ಕೇ ಅವಳಿಗೆ ಜಾಗ ಗೊತ್ತು ಅಂತ. ನಿಗಮದ ಸೀಲು ಹಾಕ್ರಿ. ಲಾಭ ಬರ್ಲಿ ನೋಡಾಣ ಅಂದಿದ್ರಿ. ಬಂದೈತಲ್ಲ."

ಸಾಹೇಬರು ನಕ್ಕರು. "ಹುಚ್ಚಕ್ಕ ಅಂತ ಹೆಸರು ಹಾಕಿ ಸೀಲ್ ಹೊಡೆದರೆ ಮೇಲಿನವರು ನನಗೇ ಹುಚ್ಚು ಅಂದಾರು." ಗುಜರಿಯವನೂ ನಕ್ಕ. ಪಾಲಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ. ಆಮೇಲೆ ಸಾಹೇಬರು ಮಗುವಿಗೆ ಹೇಳುವ ಹಾಗೆ ಹೇಳಿದರು. "ನೋಡಮ್ಮ, ಯಾವ ದಾಖಲೆಯಲ್ಲೂ ನೀನಿಲ್ಲ. ಆ ಕೆಲಸದಲ್ಲಿ ನೀನು ಇರಲೇ ಇಲ್ಲ. ಇಲ್ಲದವಳಿಗೆ ನಾನು ಹೇಗೆ ಬರೆದುಕೊಡಲಿ?"

ನನ್ನ ಕೈ ನೆತ್ತಿಗೆ ಹೋಯಿತು. ಸೆರಗಿನ ಕೆಳಗೆ ಬೋಳು ನೆತ್ತಿ ಬಿಸಿಯಾಗಿತ್ತು.

"ಹಂಗಾದ್ರೆ ಇಲ್ಲದೋಳು ಹೆಂಗೆ ಜಾಗ ತೋರಿಸ್ತಾಳೆ ಸಾಹೇಬ್ರೆ?"

ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದ ಬಿಂದು ಮೇಡಂ ಪೆನ್ನು ನಿಲ್ಲಿಸಿದರು.

"ಲೇ ಹುಚ್ಚಿ, ಯಾರ ಮುಂದೆ ಮಾತಾಡ್ತಿದೀಯ?" ಪಾಲಣ್ಣ ಎದ್ದು ನಿಂತ. "ತೋರಿಸ್ತೀಯೋ ಇ‌ಲ್ಲೋ?"

"ಇಲ್ಲ."

"ನಾಳೆಯಿಂದ ಕೆಲಸಕ್ಕೆ ಬರಬ್ಯಾಡ."

"ನಾಳೆ ಯಾಕೆ, ಈಗಲೇ ಹೋಗ್ತೀನಿ. ನಾನು ಇಲ್ಲಿ ಇದ್ದೆ ಅಂತ ಯಾವ ದಾಖಲೆ ಐತೆ, ತೆಗೆದು ಹಾಕಾಕೆ?"

ಬಕೆಟ್ಟನ್ನು ಕೋಣೆಯ ನಡುವೆ ಬಿಟ್ಟೆ. ಒರೆಸುವ ಬಟ್ಟೆಯನ್ನು ಅದರ ಕಪ್ಪು ನೀರಿಗೆ ಹಾಕಿದೆ. ಲಾಡು ಹಾಗೇ ಇತ್ತು, ಇರುವೆ ಮುತ್ತಿತ್ತು. ಬಣ್ಣದ ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದೆ.

ಮನೆಗೆ ಹೋಗಿ ಪ್ಲಾಸ್ಟಿಕ್ ಕವರಿನಿಂದ ಕದ್ದ ಹಾಳೆಯನ್ನೂ ಹದಿನಾಲ್ಕು ವರ್ಷದ ಹಿಂದಿನ ಆ ಪತ್ರವನ್ನೂ ತೆಗೆದೆ. ಪತ್ರ ಮಡಿಕೆಗಳಲ್ಲಿ ಹರಿಯುವ ಹಾಗಿತ್ತು. ಕಡೆಯಲ್ಲಿ ಒಂದು ಮಾತು ಸೇರಿಸಿದೆ. ನೇರ ಜಬೀವುಲ್ಲಾ ಸಾಬರ ಮನೆಗೆ ನಡೆದೆ. ಅವರ ಹೆಂಡತಿ ಖಾತುನ್ ಬೀ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದರು.

"ಬರ್ರಿ ಅಕ್ಕಾ, ಕುಂತ್ಕಳ್ರಿ. ಏನು ಈ ಹೊತ್ನಾಗೆ? ಕೆಲ್ಸ ಇಲ್ವಾ?"

"ಬಿಟ್ಟು ಬಂದೆ. ಸಾಬ್ರು ಅದಾರಾ?"

ಸಾಬರು ಒಳಗಿನಿಂದ ಗೋಡೆ ಹಿಡಿದು ಬಂದರು. ಪತ್ರ ನೋಡಿದ ಕೂಡಲೇ ಗುರುತು ಹಿಡಿದರು. ಮುಖ ಸಣ್ಣದಾಯಿತು.

"ಅಕ್ಕ, ಇದು ಇನ್ನಾ ಇಟ್ಕಂಡಿದೀರಾ?"

"ಲಾಭ ಬಂದೈತೆ ಸಾಬ್ರೆ. ಹಾಕ್ತೀನಿ ಅಂದಿದ್ರಿ."

ಖಾತುನ್ ಬೀ ಮೊರ ಕೆಳಗಿಟ್ಟರು. "ಯಾ ಅಲ್ಲಾ, ಇನ್ನಾ ಏನ್ ನೋಡ್ತೀರಿ? ಈ ಅಕ್ಕ ತೋಡಿದ ಗುಂಡಿನಾಗೆ ಕುಂತು ಕಾಯಂ ಆದ್ರಿ. ಪೆನ್ಷನ್ ಬರ್ತೈತೆ, ತಿಂತೀವಿ. ಆವತ್ತು ನೌಕರಿ ಹೋಗ್ತೈತೆ ಅಂತ ಹೆದರಿದ್ರಿ. ಇವತ್ತು ಏನ್ ಹೋಗ್ತೈತೆ, ಗಡ್ಡಾನಾ?"

ಸಾಬರು ಪೆನ್ನು ಕೇಳಿದರು. ಕಾಗದವನ್ನು ಕಣ್ಣಿನ ಹತ್ತಿರ ಹಿಡಿದರು. "ಕೆಳಗೆ ಏನೋ ಹೊಸದು ಬರ್ದಿದೀರಲ್ಲ. ನಂಗೆ ಕಾಣಲ್ಲ, ಓದ್ರಿ."

ಓದಿದೆ. "ಎಂಟು ವರ್ಷ ನಿಮ್ಮ ಕೇಬಲ್ಲು ಹೂತಿದ್ದೇನೆ ಎಂದು ನನ್ನ ಹೆಸರು ಹಾಕಿ ಬರೆದುಕೊಡಿ. ಪಿಂಚಣಿಯ ಜಗಳ ಆಮೇಲೆ. ಮೊದಲು ನಾನು ಇದ್ದೆ ಎಂದು ಒಪ್ಪಿರಿ. ಅಲ್ಲಿಯವರೆಗೆ ನಲವತ್ತೊಂದು ಜಾಗವನ್ನು ನಾನು ಯಾರಿಗೂ ತೋರಿಸುವುದಿಲ್ಲ. ನಾನು ಸತ್ತರೆ ನನ್ನ ಜೊತೆ ಹೋಗುತ್ತವೆ."

ಸಾಬರು ಸಹಿ ಹಾಕಿದರು. ಉರ್ದುವಿನಲ್ಲಿ ಒಂದು, ಕನ್ನಡದಲ್ಲಿ ಒಂದು. ಕಣ್ಣು ಕಾಣದೆ ಕನ್ನಡದ್ದು ಗೆರೆ ಬಿಟ್ಟು ಇಳಿಯಿತು. "ಆ ಕಡೇ ಗುಂಡಿನಾಗೆ ನಾನು ಮಣ್ಣಿನ ಮ್ಯಾಲೆ ಕುಂತು ಜಾಯಿಂಟ್ ಹಾಕ್ದೆ ಅಕ್ಕ. ಎತ್ತಪ್ಪನ ಒಂದು ಚಪ್ಲಿ ಅಲ್ಲೇ ಇತ್ತು. ಹೇಳಿರ್ಲಿಲ್ಲ ನಿಮಗೆ," ಎಂದರು.

ಕ್ಷಮಿಸುವಷ್ಟು ದೊಡ್ಡವಳು ನಾನಲ್ಲ. ಪತ್ರ ತೆಗೆದುಕೊಂಡು ಎದ್ದೆ. "ಪೋಸ್ಟಾಫೀಸಿಗೆ ಹೋಗಾಣ ನಡೀರಿ," ಎಂದೆ. ಅವರು ಕೋಲು ಹಿಡಿದು ಹಿಂದೆ ಬಂದರು.

ಕೌಂಟರಿನಲ್ಲಿ ಕೂತವಳು ಚಿಕ್ಕ ವಯಸ್ಸಿನವಳು. ಎತ್ತಪ್ಪ + ೧ ಎಂದಿದ್ದ ಹಾಳೆಗೆ ದಾರಿಯಲ್ಲಿ ಮಾಡಿಸಿದ ಜೆರಾಕ್ಸನ್ನು ಪತ್ರದ ಜೊತೆ ಲಕೋಟೆಯೊಳಗಿಟ್ಟು ಅಂಟು ಹಾಕಿದೆ. ಮೂಲ ಹಾಳೆ ನನ್ನ ಹತ್ತಿರ ಇರಲಿ. ನಿಗಮದವರನ್ನು ನಂಬಿ ಕೆಟ್ಟದ್ದು ಸಾಕು.

"ರಿಜಿಸ್ಟರ್ ಮಾಡಮ್ಮ," ಎಂದೆ.

"ಈಗ ಅದು ಸ್ಪೀಡ್ ಪೋಸ್ಟಲ್ಲೇ ಸೇರೈತೆ ಅಜ್ಜಿ. ಬೇಗ ಹೋಗ್ತೈತೆ."

"ಹದಿನಾಲ್ಕು ವರ್ಷದ ಕಾಗ್ದ. ಈಗ ಸ್ಪೀಡು ಬಂತು ನೋಡ್ರಿ ಅದಕ್ಕೆ," ಎಂದರು ಸಾಬರು.

ಅವಳು ಲಕೋಟೆ ತಿರುಗಿಸಿದಳು. "ಡೆಲ್ಲಿಗಾ? ಕನ್ನಡದಾಗೆ ಬರ್ದಿದೀರಾ? ಅಲ್ಲಿ ಯಾರು ಓದ್ತಾರೆ?"

"ಕಲೀಲಿ. ನಾನು ಮೂವತ್ತೈದಾದ ಮ್ಯಾಲೆ ಕಲ್ತೆ."

ವಿಳಾಸ ನಾನು ಹೇಳಿದೆ, ಅವಳು ಒತ್ತಿದಳು. ಕಳಿಸೋರ ಹೆಸರು ಎಂದಳು. ಹುಚ್ಚಕ್ಕ ಎಂದೆ. ಗಂಡನ ಹೆಸರು ಎಂದು ಕೇಳಲಿಲ್ಲ. ನಗಲಿಲ್ಲ. ಲಕೋಟೆಗೆ ಠಸ್ಸೆ ಹೊಡೆದು ಹಿಂದಿನ ಚೀಲಕ್ಕೆ ಎಸೆದಳು. ಚೀಟಿ ಹರಿದು ಕೊಟ್ಟಳು.

ಅದು ಇಂಗ್ಲಿಷಿನಲ್ಲಿತ್ತು. ನನಗೆ ಬರುವುದಿಲ್ಲ. "ಓದಮ್ಮ, ಗಟ್ಟಿಯಾಗಿ ಓದು," ಎಂದೆ. ಹಿಂದೆ ಸರದಿಯಲ್ಲಿ ನಾಲ್ಕು ಜನ ನಿಂತಿದ್ದರು. ಅವಳು ಬೇಸರದಿಂದಲೇ ಓದಿದಳು. ಕಳಿಸಿದವರು ಹುಚ್ಚಕ್ಕ. ಸೇರಬೇಕಾದವರು ರಾಷ್ಟ್ರೀಯ ದೂರವಾಣಿ ನಿಗಮ.

ನಡುವೆ ಇನ್ಯಾರ ಹೆಸರೂ ಇರಲಿಲ್ಲ.